ಸ್ಮಾರಕನಾಣ್ಯಗಳಲ್ಲಿ ವಸ್ತುವಿನ ಆಯ್ಕೆ

ನಾಣ್ಯಗಳ ವಿಚಾರವು ಸಾಹಿತ್ಯಸಂಬಂಧವಾದ ಪತ್ರಿಕೆಯಲ್ಲಿ ಏಕೆ ಬಂದಿತೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಲೋಹದ ತೂಕ, ಬೆರಕೆ, ಟಂಕಸಾಲೆಯ ಗುರುತು ಮೊದಲಾದುವು ನಾಣ್ಯಶಾಸ್ತ್ರಜ್ಞರ ಪಾಲಿಗೆ ಸೇರಿದುವು. ಅವುಗಳಲ್ಲಿ ಕಾವ್ಯವಿಮರ್ಶಕನಿಗೆ ಕೆಲಸವಿಲ್ಲವೆಂಬುದು ನಿಜ. ಆದರೆ ಒಬ್ಬ ಮಹಾಪುರುಷನ ಅಥವಾ ಒಂದು ಘಟನೆಯ ನೆನಪಿಗಾಗಿ ನಾಣ್ಯವೊಂದನ್ನು ಹೊರಡಿಸಿದೊಡನೆಯೇ ಅದು ಬರಿಯ ಹಣವಾಗಿ ಉಳಿಯುವುದಿಲ್ಲ. ಏನನ್ನೋ ಹೇಳಲೆಳಸುವ ಒಂದು ಕೃತಿಯಾಗುತ್ತದೆ. ಅದಕ್ಕೊಂದು ವಸ್ತುವುಂಟು, ಆ ವಸ್ತುವನ್ನು ಆರಿಸಿದವರುಂಟು, ಅದನ್ನು ಒಂದಂಗುಲಕ್ಕಿಂತ ಕಿರಿದಾದ ವೃತ್ತದೊಳಗೆ ಅಡಗಿಸಿದ ರೀತಿಯುಂಟು. ಕ್ಷೇಮೇಂದ್ರನು ಕಾವ್ಯಕ್ಕೆ ಜೀವಿತವೆಂದು ಹೇಳಿದ ಔಚಿತ್ಯವನ್ನು ಇಲ್ಲಿಯೂ ಹುಡುಕಿ ನೋಡಬಹುದು, ನೋಡಬೇಕು ಕೂಡ. ಅದರಲ್ಲಿಯೂ ಸ್ಮರಣೆಗೆ ಪಾತ್ರನಾದವನು ಕವಿಯೋ ವಚನಕಾರನೋ ಆಗಿದ್ದರೆ, ಆ ಆಯ್ಕೆಯ ಗುಣದೋಷಗಳನ್ನು ವಿಚಾರಿಸುವುದು ಸಾಹಿತ್ಯವನ್ನು ಪಾಠ ಹೇಳುವವರ ಕರ್ತವ್ಯವೇ ಆಗುವುದು.

ಸ್ವತಂತ್ರ ಭಾರತದ ಮೊದಲ ಸ್ಮಾರಕನಾಣ್ಯಗಳು ೧೯೬೪ನೆಯ ಇಸವಿಯವು. ಆ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡ ಜವಾಹರಲಾಲ ನೆಹರೂ ಅವರ ಮುಖವನ್ನು ಒಂದು ರೂಪಾಯಿಯ ಮೇಲೂ ಐವತ್ತು ಪೈಸೆಯ ಮೇಲೂ ಮೂಡಿಸಲಾಯಿತು. ಐವತ್ತು ಪೈಸೆಯ ನಾಣ್ಯದಲ್ಲಿ ಎರಡು ಬಗೆಗಳುಂಟು; ಒಂದರಲ್ಲಿ ಹೆಸರು ನಾಗರಿಯಲ್ಲಿದೆ, ಇನ್ನೊಂದರಲ್ಲಿ ರೋಮನ್ ಅಕ್ಷರಗಳಲ್ಲಿದೆ. ಲಿಪಿಯ ಪ್ರಶ್ನೆಯು ಮೊದಲ ದಿನವೇ ಹುಟ್ಟಿತ್ತೆಂಬುದಕ್ಕೆ ಇದು ಸಾಕ್ಷಿ. ಅದಕ್ಕೆ ಮುಂದೆ ಬರುತ್ತೇನೆ. ೧೯೬೯ರಲ್ಲಿ ಗಾಂಧೀಜಿಯವರ ಜನ್ಮಶತಮಾನೋತ್ಸವದ ನಾಣ್ಯಗಳು ಬಂದುವು. ೧೯೭೨ರಲ್ಲಿ ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದ ನಾಣ್ಯಗಳು ಬಂದುವು. ಇವುಗಳ ವಸ್ತುವಿನಲ್ಲಿ ಯಾರೂ ಆಕ್ಷೇಪಿಸುವಂತಹುದು ಏನೂ ಇಲ್ಲ. ನೆಹರೂ, ಗಾಂಧಿ ಇವರ ಮುಖಗಳನ್ನು ದೇಶವೆಲ್ಲವೂ ಕಂಡಿತ್ತು. ನಾಣ್ಯದ ಮುಖವು ಆ ಮುಖಕ್ಕೆ ಹೊಂದುವುದೋ ಇಲ್ಲವೋ ಎಂಬುದನ್ನು ಸಂತೆಯಲ್ಲಿ ತರಕಾರಿ ಮಾರುವವಳೂ ಹೇಳಬಲ್ಲವಳಾಗಿದ್ದಳು.

ಆಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ ನಾಣ್ಯಗಳು ಉಪದೇಶಕ್ಕೆ ತೊಡಗಿದುವು. ಹೆಚ್ಚು ಆಹಾರವನ್ನು ಬೆಳೆಯಿರೆಂದು ೧೯೭೩ರಲ್ಲಿ, ಸಂಸಾರವನ್ನು ಮಿತಗೊಳಿಸಿರೆಂದು ೧೯೭೪ರಲ್ಲಿ, ಅಭಿವೃದ್ಧಿಗಾಗಿ ಹಣ ಕೂಡಿಡಿರೆಂದು ೧೯೭೭ರಲ್ಲಿ ಅವು ಬೋಧಿಸಿದುವು. ಇವುಗಳಲ್ಲಿ ಕಲೆಯೆಂಬುದು ಕಡಮೆ. ಪ್ರಭುಸಂಮಿತವಾದ ಉಪದೇಶವನ್ನು ಕಾಂತಾಸಂಮಿತವೆಂದು ಯಾರೂ ಭ್ರಮಿಸುವಂತಿಲ್ಲ. ಆದರೂ ಇವುಗಳಲ್ಲಿ ಒಂದು ಗುಣವನ್ನು ಒಪ್ಪಬೇಕು. ಹತ್ತು ಪೈಸೆಯ ಸಣ್ಣ ನಾಣ್ಯವಾಗಿಯೂ ಇವು ಜನರ ಕೈಗೆ ಹೋದುವು, ಅಂಗಡಿಯಲ್ಲಿ ಚಲಾವಣೆಯಾದುವು, ಉಡಿಯಲ್ಲಿ ಸವೆದುವು. ಹೇಳಿದುದು ಒಣಮಾತಾದರೂ ಕೇಳಬೇಕಾದವರಿಗೇ ಹೇಳಿದುವು.

ಈಚಿನ ಸ್ಮಾರಕನಾಣ್ಯಗಳಲ್ಲಿ ಹೆಚ್ಚಿನವುಗಳಿಗೆ ಈ ಗುಣವೂ ಇಲ್ಲ. ಈಗ ವಸ್ತುವನ್ನು ಆರಿಸುವವರು ಯಾರೆಂದು ಕೇಳಿದರೆ, ಪಂಚಾಂಗವೆಂದೇ ಉತ್ತರ ಹೇಳಬೇಕಾಗಿದೆ. ಯಾರು ಹುಟ್ಟಿ ನೂರು, ನೂರಿಪ್ಪತ್ತೈದು, ನೂರೈವತ್ತು ವರ್ಷಗಳಾದುವೋ ಅವರ ನಾಣ್ಯವು ಹೊರಡುತ್ತದೆ. ಅಷ್ಟೇ ಅಲ್ಲ, ವರ್ಷಗಳ ಸಂಖ್ಯೆಯೇ ನಾಣ್ಯದ ಬೆಲೆಯಾಗಿ ಕುಳಿತುಬಿಡುತ್ತದೆ. ೨೦೧೧ರಲ್ಲಿ ರವೀಂದ್ರನಾಥ ಠಾಕೂರರ ನೂರೈವತ್ತನೆಯ ವರ್ಷಕ್ಕೆ ೧೫೦ ರೂಪಾಯಿಯ ನಾಣ್ಯ, ೨೦೧೫ರಲ್ಲಿ ಡಾ. ಅಂಬೇಡ್ಕರ್ ಅವರ ನೂರಿಪ್ಪತ್ತೈದನೆಯ ವರ್ಷಕ್ಕೆ ೧೨೫ ರೂಪಾಯಿಯದು. ಗುರು ಗೋವಿಂದಸಿಂಹರ ಮುನ್ನೂರೈವತ್ತನೆಯ ಜಯಂತಿಗೆ ೩೫೦. ೨೦೧೯ರಲ್ಲಿ ಗುರು ನಾನಕರ ಐನೂರೈವತ್ತನೆಯ ಜಯಂತಿಗೆ ೫೫೦. ತಂಜಾವೂರಿನ ಬೃಹದೀಶ್ವರಾಲಯಕ್ಕೆ ಸಾವಿರ ವರ್ಷ ತುಂಬಿತೆಂದು ೨೦೧೦ರಲ್ಲಿ ೧೦೦೦ ರೂಪಾಯಿಯದು. ೫೫೦ ರೂಪಾಯಿಯ ನಾಣ್ಯವನ್ನು ಕೊಟ್ಟು ಯಾರೂ ಅಕ್ಕಿಯನ್ನು ಕೊಳ್ಳುವುದಿಲ್ಲ. ಟಂಕಸಾಲೆಯಿಂದ ಮುಖಬೆಲೆಗಿಂತ ಹೆಚ್ಚಿನ ಹಣ ತೆತ್ತು ಅದನ್ನು ತರಿಸಿಕೊಂಡವನು ಡಬ್ಬಿಯಲ್ಲಿಟ್ಟು ಮುಚ್ಚುತ್ತಾನೆ. ನಾಣ್ಯವೆಂದರೆ ಕೈಯಿಂದ ಕೈಗೆ ಹೋಗತಕ್ಕದ್ದು. ಹೋಗದ ನಾಣ್ಯವು ಪದಕವೇ ಹೊರತು ನಾಣ್ಯವಲ್ಲ.

ಪಂಚಾಂಗದ ಆಯ್ಕೆಯಿಂದ ಇನ್ನೊಂದು ಅನರ್ಥವುಂಟು. ಯಾರ ಹುಟ್ಟಿದ ವರ್ಷವು ತಿಳಿಯದೋ ಅವರಿಗೆ ಆ ಬಾಗಿಲು ತೆರೆಯುವುದಿಲ್ಲ. ನಮ್ಮ ಪ್ರಾಚೀನರಲ್ಲಿ ಹುಟ್ಟಿದ ವರ್ಷವು ನಿಶ್ಚಯವಾಗಿ ತಿಳಿದಿರುವವರು ಎಷ್ಟು ಮಂದಿ? ಹಲ್ಮಿಡಿಯ ಶಾಸನವನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಾಲವು ಹೇಳಲ್ಪಟ್ಟಿಲ್ಲ, ಸುಮಾರು ಕ್ರಿ. ಶ. ೪೫೦ ಎಂಬುದು ಲಿಪಿ ಮೊದಲಾದುವುಗಳಿಂದ ಮಾಡಿದ ನಿರ್ಣಯ. ಆದಕಾರಣ ಅದರ ಜಯಂತಿಯನ್ನು ಯಾವ ವರ್ಷ ಮಾಡಬೇಕೆಂಬುದೇ ಗೊತ್ತಾಗುವುದಿಲ್ಲ. ಗೊತ್ತಾದರೂ ಪ್ರಯೋಜನವಿಲ್ಲ; ೨೦೧೧ರ ನಾಣ್ಯಶಾಸನದ ಮೇರೆಗೆ ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಯ ನಾಣ್ಯವನ್ನು ಹೊರಡಿಸುವಂತಿಲ್ಲವಾದುದರಿಂದ, ಸಾವಿರದೈನೂರು ವರ್ಷ ದಾಟಿದ ಆ ಕಲ್ಲಿಗೆ ಈ ಲೆಕ್ಕದಲ್ಲಿ ಎಡೆಯೇ ಇಲ್ಲ!

ಅದೇ ಶಾಸನವು ಸ್ಮಾರಕನಾಣ್ಯಕ್ಕೆ ಒಂದು ಲಕ್ಷಣವನ್ನು ಹೇಳಿದೆ. ಅದರ ಪ್ರಕಾರ ಒಂದು ನಿರ್ದಿಷ್ಟವಾದ ಸಂದರ್ಭವನ್ನೋ ಘಟನೆಯನ್ನೋ ಸ್ಮರಿಸುವ ಸಲುವಾಗಿ ಅಚ್ಚಾದುದು ಸ್ಮಾರಕನಾಣ್ಯ. ವ್ಯಕ್ತಿಯೆಂಬ ಮಾತು ಅಲ್ಲಿಲ್ಲ. ಲಕ್ಷಣವು ಘಟನೆಯನ್ನು ಹೇಳುತ್ತಿರಲು ಲಕ್ಷ್ಯದಲ್ಲಿ ಹೆಚ್ಚಾಗಿ ಮುಖಗಳೇ ಕಾಣುತ್ತಿರುವುದು ಏತಕ್ಕೆ? ನಮ್ಮ ದೇಶದಲ್ಲಿ ಹಿಂದೆ ಹೀಗಿರಲಿಲ್ಲ ಎಂಬುದನ್ನು ತೋರಿಸಲು ಎರಡು ಹಳೆಯ ನಾಣ್ಯಗಳನ್ನು ಉದಾಹರಿಸುತ್ತೇನೆ.

ಮೊದಲನೆಯದು ಸಮುದ್ರಗುಪ್ತನ ಅಶ್ವಮೇಧದ ಚಿನ್ನದ ನಾಣ್ಯ. ಅದರ ಒಂದು ಬದಿಯಲ್ಲಿ ಯೂಪಸ್ತಂಭದ ಮುಂದೆ ನಿಂತ ಕುದುರೆ. ಇನ್ನೊಂದು ಬದಿಯಲ್ಲಿ ಚಾಮರ ಹಿಡಿದ ರಾಣಿ, ‘ಅಶ್ವಮೇಧಪರಾಕ್ರಮಃ’ ಎಂಬ ಲೇಖ. ಯಾಗವನ್ನು ಮಾಡಿದ ಅರಸನು ಎರಡು ಬದಿಯಲ್ಲಿಯೂ ಇಲ್ಲ. ಬೇರೆ ನಾಣ್ಯಗಳಲ್ಲಿ ವೀಣೆ ಹಿಡಿದೂ ಬಿಲ್ಲು ಹಿಡಿದೂ ಕಾಣಿಸಿಕೊಳ್ಳಲು ಹಿಂಜರಿಯದ ಈ ದೊರೆ, ಘಟನೆಯೊಂದನ್ನು ಸ್ಮರಿಸಬೇಕಾದಾಗ ಹಿಂದಕ್ಕೆ ಸರಿದು ಕುದುರೆಯನ್ನು ಮುಂದೆ ಬಿಟ್ಟಿದ್ದಾನೆ. ಕುದುರೆಯನ್ನು ಕಂಡೊಡನೆ ಯಾಗವು, ಯಾಗದಿಂದ ದಿಗ್ವಿಜಯವು, ದಿಗ್ವಿಜಯದಿಂದ ಅರಸನು ಹೊಳೆಯುತ್ತಾರೆ. ಧ್ವನಿಯೆಂಬುದು ಇದೇ ಅಲ್ಲವೆ?

ಎರಡನೆಯದು ನಮ್ಮ ನಾಡಿನದೇ. ಇದರ ವಿಷಯದಲ್ಲಿ ಸ್ವಲ್ಪ ಹೆಚ್ಚಾಗಿ ಹೇಳಬೇಕಾಗಿದೆ. ಹನ್ನೆರಡನೆಯ ಶತಮಾನದ ಎರಡನೆಯ ದಶಕದಲ್ಲಿ ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದುಕೊಂಡುದು ಕರ್ಣಾಟಕದ ಇತಿಹಾಸವನ್ನು ಓದಿದವರಿಗೆಲ್ಲ ತಿಳಿದಿದೆ. ಅವನ ಚಿನ್ನದ ನಾಣ್ಯಗಳಲ್ಲಿ ಒಂದು ಬದಿಗೆ ಸಿಂಹಾಕೃತಿಯೂ ಇನ್ನೊಂದು ಬದಿಗೆ ಮೂರು ಸಾಲಿನ ಕನ್ನಡ ಲೇಖವೂ ಇವೆ: ‘ಶ್ರೀ ತಳಕಾಡುಗೊಂಡ.’ ಬೇರೆ ಕೆಲವು ನಾಣ್ಯಗಳಲ್ಲಿ ‘ಶ್ರೀ ನೊಣಂಬವಾಡಿಗೊಂಡ’ ಎಂದಿದೆ. ವಿಷ್ಣುವರ್ಧನನ ಮುಖವಿಲ್ಲ. ಆ ಲೇಖದಲ್ಲಿ ಅವನ ಹೆಸರೂ ಇಲ್ಲ! ಇಸವಿಯೂ ಇಲ್ಲ. ಇರುವುದು ಊರಿನ ಹೆಸರು, ಅದರ ಮುಂದೆ ‘ಕೊಳ್’ ಧಾತುವಿನಿಂದಾದ ಒಂದು ಕೃದಂತ. ಕಕಾರಕ್ಕೆ ಗಕಾರವು ಆದೇಶವಾಗಿ ಬಂದು, ಊರೂ ಅದನ್ನು ಕೊಂಡ ಕ್ರಿಯೆಯೂ ಒಂದೇ ಪದವಾಗಿ ಬೆಸೆದಿವೆ. ಕರ್ತೃವು ಪದದ ಹೊರಗೆ ನಿಂತಿದ್ದಾನೆ. ಓದಿದವನೇ ಅವನನ್ನು ಒಳಕ್ಕೆ ಕರೆದುಕೊಳ್ಳಬೇಕು. ಇಂದಿನ ಸ್ಮಾರಕನಾಣ್ಯಗಳ ಮೇಲಿನ ಲೇಖಗಳನ್ನು ಸಾಲಾಗಿ ಓದಿಕೊಂಡು ಹೋದರೆ ಹೆಸರುಗಳೂ ಸಂಖ್ಯೆಗಳೂ ಸಿಕ್ಕುತ್ತವೆ. ಆ ಹೊಯ್ಸಳ ನಾಣ್ಯದಲ್ಲಿ ಒಂದು ಕ್ರಿಯೆ ಸಿಕ್ಕುತ್ತದೆ. ಏನೋ ನಡೆಯಿತು ಎಂದು ಅದು ಹೇಳುತ್ತದೆ, ಅದೂ ಜನರು ಆಡುವ ನುಡಿಯಲ್ಲಿ, ಅವರು ಓದುವ ಅಕ್ಷರದಲ್ಲಿ. ಕನ್ನಡದಲ್ಲಿ ಸ್ಮಾರಕನಾಣ್ಯವೆಂಬುದು ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ೨೦೦೬ನೆಯ ಇಸವಿಯಲ್ಲಿ ಹೊರಟ ಬಸವಣ್ಣನವರ ಐದು ರೂಪಾಯಿಯ ನಾಣ್ಯವನ್ನು ನೋಡೋಣ. ಇದು ಚಲಾವಣೆಗೆ ಬಂದ ನಾಣ್ಯವೆಂಬುದು ಸಂತೋಷದ ಸಂಗತಿ. ನನ್ನ ಬಳಿಯಿರುವುದು ಸಂಗ್ರಹಕ್ಕೆಂದು ಕೊಂಡದ್ದಲ್ಲ. ಅಂಗಡಿಯಲ್ಲಿ ಚಿಲ್ಲರೆಯೊಡನೆ ಬಂದುದು, ಅಂಚು ಸವೆದಿದೆ. ಒಂದು ಬದಿಯಲ್ಲಿ ಅಶೋಕನ ಸಿಂಹಶೀರ್ಷ, ಬೆಲೆ. ಇನ್ನೊಂದು ಬದಿಯಲ್ಲಿ ಬಸವಣ್ಣನವರ ಮುಖ. ಅಂಚಿನಲ್ಲಿ ‘ಮಹಾತ್ಮಾ ಬಸವೇಶ್ವರ’ ಎಂದು ನಾಗರಿಯಲ್ಲಿಯೂ ರೋಮನ್ ಅಕ್ಷರಗಳಲ್ಲಿಯೂ ಬರೆದಿದೆ. ಇದನ್ನು ತರಗತಿಯಲ್ಲಿ ವಿದ್ಯಾರ್ಥಿಗಳ ಕೈಗೆ ಕೊಟ್ಟಾಗ ಒಬ್ಬನು, ‘ಬಸವಣ್ಣನವರು ಹೀಗೆಯೇ ಇದ್ದರೆ?’ ಎಂದು ಕೇಳಿದನು. ಯಾರಿಗೂ ತಿಳಿಯದೆಂದು ಹೇಳಿದೆನು. ಹಾಗಾದರೆ ಇದು ಯಾರ ಮುಖವೆಂದು ಇನ್ನೊಬ್ಬನು ಕೇಳಿದನು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನಕ್ಕೆ ಅದೇ ಕಾರಣವಾಯಿತು.

ಹನ್ನೆರಡನೆಯ ಶತಮಾನದ ಬಸವಣ್ಣನವರ ರೂಪವನ್ನು ಅವರ ಕಾಲದಲ್ಲಿ ಬರೆದಿಟ್ಟುದು ನಮಗೆ ಸಿಕ್ಕಿಲ್ಲ. ಈಗ ಮನೆಮನೆಗಳಲ್ಲಿ ತೂಗುಹಾಕಿರುವ ಪಟವು ಈಚಿನ ಚಿತ್ರಕಾರರ ಭಕ್ತಿಯಿಂದಲೂ ಕಲ್ಪನೆಯಿಂದಲೂ ಹುಟ್ಟಿದುದು. ಪೂಜೆಗೆ ಆ ಪಟವು ಬೇಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರಾಜ್ಯವು ತನ್ನ ಮುದ್ರೆಯೊಡನೆ ಹೊರಡಿಸುವ ನಾಣ್ಯವು ಒಂದು ದಾಖಲೆ. ಇನ್ನೈನೂರು ವರ್ಷಗಳ ಮೇಲೆ ಅಗೆದು ತೆಗೆದವರು ಅದನ್ನು ಪ್ರಮಾಣವೆಂದು ಭಾವಿಸುವರು. ೧೯೯೫ರಲ್ಲಿ ತಂಜಾವೂರಿನಲ್ಲಿ ನಡೆದ ಎಂಟನೆಯ ವಿಶ್ವ ತಮಿಳು ಸಮ್ಮೇಲನದ ನಾಣ್ಯಗಳಲ್ಲಿ ತಿರುವಳ್ಳುವರನ್ನು ಕಾಣಿಸಿದುದರಲ್ಲಿಯೂ ೧೯೯೯ರ ಜ್ಞಾನೇಶ್ವರರ ಒಂದು ರೂಪಾಯಿಯಲ್ಲಿಯೂ ಇದೇ ದೋಷವುಂಟು. ಜ್ಞಾನೇಶ್ವರರಿಗೆ ಮಾತ್ರ ಒಂದು ಭಾಗ್ಯವು ಅಯಾಚಿತವಾಗಿ ಒದಗಿತು: ಮರಾಠಿಯು ನಾಗರಿಯಲ್ಲಿಯೇ ಬರೆಯಲ್ಪಡುವುದರಿಂದ ಅವರ ಹೆಸರು ಅವರ ನುಡಿಯ ಅಕ್ಷರಗಳಲ್ಲಿಯೇ ಮೂಡಿತು. ಬಸವಣ್ಣನವರಿಗೆ ಅದು ಒದಗಲಿಲ್ಲ. ಕನ್ನಡದಲ್ಲಿ ಮಾತನಾಡಿದುದೇ ಯಾರ ಹೆಗ್ಗಳಿಕೆಯೋ, ಅವರ ನಾಣ್ಯದಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಅವರದಲ್ಲದ ಮುಖವಿದೆ, ಅವರದಾದ ನುಡಿಯಿಲ್ಲ.

ವಸ್ತುವಿನ ಆಯ್ಕೆ ಹೇಗಿರಬಹುದಾಗಿತ್ತು? ಇಲ್ಲಿ ಭಾಷೆಯೇ ನಮಗೆ ದಾರಿಯನ್ನು ತೋರಿಸುತ್ತದೆ. ವಚನದ ಕೊನೆಯಲ್ಲಿ ಬರುವ ದೇವರ ಹೆಸರನ್ನು ನಾವು ಅಂಕಿತವೆನ್ನುತ್ತೇವೆ; ಮುದ್ರಿಕೆಯೆಂದೂ ಕರೆಯುತ್ತೇವೆ. ನಾಣ್ಯದ ಮೇಲೆ ಒತ್ತುವುದೂ ಅಂಕವೇ, ಮುದ್ರೆಯೇ. ಲೋಹದ ತುಂಡು ಮುದ್ರೆ ಬಿದ್ದ ಮೇಲೆ ನಾಣ್ಯವಾಗುವಂತೆ, ಮಾತು ಅಂಕಿತ ಬಿದ್ದ ಮೇಲೆ ಆ ವಚನಕಾರರ ವಚನವಾಗುತ್ತದೆ. ‘ಗುಹೇಶ್ವರ’ ಎಂದರೆ ಅಲ್ಲಮಪ್ರಭು, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕಮಹಾದೇವಿ, ‘ಪುರಂದರವಿಠಲ’ ಎಂದರೆ ಪುರಂದರದಾಸರು. ಕನ್ನಡ ಬಲ್ಲವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮುಖವನ್ನು ಎಂದೂ ಕಾಣದ ನಾವು ಎಂಟುನೂರು ವರ್ಷಗಳಿಂದ ಬಸವಣ್ಣನವರನ್ನು ಗುರುತಿಸುತ್ತ ಬಂದಿರುವುದು ಈ ಮುದ್ರೆಯಿಂದಲೇ. ಅದರ ಮೇಲೆ ಅವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದವರು. ಹೊನ್ನನ್ನು ಎಣಿಸಿ ಲೆಕ್ಕವೊಪ್ಪಿಸಿದವರು. ಅಂತಹವರ ಸ್ಮರಣೆಗೆ ನಾಣ್ಯವೆಂಬ ಉಪಾಧಿಯೇ ಅತ್ಯಂತ ಉಚಿತವಾಗಿತ್ತು. ಆ ನಾಣ್ಯದ ನಡುವೆ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ಕನ್ನಡ ಅಕ್ಷರಗಳಲ್ಲಿ ಇಟ್ಟು, ಅಂಚಿನಲ್ಲಿ ಹೆಸರನ್ನು ಈಗಿರುವ ಎರಡು ಲಿಪಿಗಳಲ್ಲಿಯೇ ಬಿಟ್ಟಿದ್ದರೆ, ವಸ್ತುವೂ ಉಪಾಧಿಯೂ ಶಬ್ದವೂ ಒಂದಾಗುತ್ತಿದ್ದುವು.

ಇಂತಹದು ಸರ್ಕಾರದ ಪದ್ಧತಿಗೆ ಒಗ್ಗದೆಂದು ಹೇಳುವಂತಿಲ್ಲ. ೨೦೦೯ರಲ್ಲಿ ಅಣ್ಣಾದುರೈ ಅವರ ಜನ್ಮಶತಮಾನೋತ್ಸವಕ್ಕೆ ಬಂದ ಐದು ರೂಪಾಯಿಯ ನಾಣ್ಯದಲ್ಲಿ ಅವರ ಮುಖದೊಡನೆ ಅವರ ರುಜುವನ್ನು ತಮಿಳಿನಲ್ಲಿಯೇ ಕೊಟ್ಟಿದ್ದಾರೆ. ರುಜುವೆಂಬುದು ಗದ್ಯಯುಗದ ಅಂಕಿತ. ಇನ್ನು ಮುಖವನ್ನು ಬಿಡುವುದಕ್ಕೂ ಮೇಲ್ಪಂಕ್ತಿಯುಂಟು. ಗುರು ಗೋವಿಂದಸಿಂಹರ ನಾಣ್ಯದಲ್ಲಿ ಪಾಟ್ನಾದ ಹರಿಮಂದಿರವನ್ನೂ ಗುರು ನಾನಕರ ನಾಣ್ಯದಲ್ಲಿ ಸುಲ್ತಾನಪುರ ಲೋಧಿಯ ಬೇರ್ ಸಾಹಿಬ್ ಗುರುದ್ವಾರವನ್ನೂ ಚಿತ್ರಿಸಿದ್ದಾರೆಯೇ ಹೊರತು ಗುರುಗಳ ಮುಖವನ್ನಲ್ಲ. ಆ ನಾಣ್ಯಗಳ ಬೆಲೆಯನ್ನು ಮೇಲೆ ಹಾಸ್ಯಮಾಡಿದೆನಾದರೂ ವಸ್ತುವಿನ ಆಯ್ಕೆಯನ್ನು ಹೊಗಳಬೇಕು. ಹಾಗಾದಮೇಲೆ ಒಂದು ನಾಣ್ಯದಲ್ಲಿ ಪ್ರಾದೇಶಿಕ ಲಿಪಿಗೂ ಇನ್ನೊಂದರಲ್ಲಿ ಮುಖವಿಲ್ಲದ ಸ್ಮರಣೆಗೂ ಅನುಮತಿ ದೊರೆತಂತಾಯಿತು. ಇವೆರಡನ್ನೂ ಒಂದೆಡೆ ಕೂಡಿಸಬೇಕೆಂಬುದಷ್ಟೇ ನನ್ನ ಪ್ರಾರ್ಥನೆ.

ಸಾಹಿತ್ಯಜ್ಞರ ಕೈಗೆ ನಾಣ್ಯದ ವಸ್ತುವನ್ನು ಒಪ್ಪಿಸಿದರೆ ಏನಾಗುತ್ತದೆ, ಒಪ್ಪಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಐರ್ಲೆಂಡ್ ದೇಶದಲ್ಲಿ ಎರಡು ದೃಷ್ಟಾಂತಗಳಿವೆ. ಇಂಗ್ಲೆಂಡಿನಿಂದ ಬೇರೆಯಾದ ಆ ದೇಶವು ತನ್ನ ಮೊದಲ ನಾಣ್ಯಗಳಿಗಾಗಿ ೧೯೨೬ರಲ್ಲಿ ಒಂದು ಸಮಿತಿಯನ್ನು ನೇಮಿಸಿ, ಆಗ ಸೆನೆಟ್ ಸಭೆಯ ಸದಸ್ಯನಾಗಿದ್ದ ಕವಿ ಯೇಟ್ಸನನ್ನು ಅದರ ಅಧ್ಯಕ್ಷನನ್ನಾಗಿ ಮಾಡಿತು. ಇವು ಸ್ಮಾರಕನಾಣ್ಯಗಳಲ್ಲ, ದಿನಬಳಕೆಯವು. ಆದರೆ ಹೊಸ ರಾಜ್ಯದ ಮೊದಲ ನಾಣ್ಯಗಳೆಂಬ ಕಾರಣದಿಂದ ಇವುಗಳ ಭಾರವೂ ಕಡಮೆಯದಲ್ಲ. ಒಂದು ಬದಿಯಲ್ಲಿ ಹಾರ್ಪ್ ವಾದ್ಯವಿರಬೇಕು, ಲೇಖವು ಐರಿಷ್ ನುಡಿಯಲ್ಲಿರಬೇಕು, ಈ ಕಾಲದವರ ಮುಖವಿರಕೂಡದು ಎಂಬ ಕಟ್ಟಳೆಗಳಿದ್ದುವು. ದೇಶಭಕ್ತರನ್ನೂ ಸಂತರನ್ನೂ ಬಿಟ್ಟು ಸಮಿತಿಯು ಆರಿಸಿದುದು ಕುದುರೆ, ಸಾಲ್ಮನ್ ಮೀನು, ಹೋರಿ, ಬೇಟೆನಾಯಿ, ಮೊಲ, ಮರಿಗಳೊಡನೆ ಕೋಳಿ, ಮರಿಗಳೊಡನೆ ಹಂದಿ, ಒಂದು ಕಾಡುಹಕ್ಕಿ. ಇವನ್ನು ರೂಪಿಸಿದವನು ಪರ್ಸಿ ಮೆಟ್‌ಕಾಫ್ ಎಂಬ ಇಂಗ್ಲಿಷ್ ಶಿಲ್ಪಿ. ನಾಣ್ಯಗಳು ೧೯೨೮ರಲ್ಲಿ ಹೊರಬಿದ್ದುವು. ಧರ್ಮಚಿಹ್ನೆಯಿಲ್ಲವೆಂದು ಹಲವರು ಸಿಟ್ಟಾದರು. ಹಂದಿಯ ಆಕಾರವು ವ್ಯವಸಾಯಪಂಡಿತರಿಗೆ ಒಪ್ಪಿಗೆಯಾಗದೆ ತಿದ್ದಿಸಬೇಕಾಯಿತೆಂಬುದು ಬೇರೆ ವಿನೋದ. ಆದರೂ ಇಪ್ಪತ್ತನೆಯ ಶತಮಾನದ ಅತ್ಯಂತ ಸುಂದರವಾದ ನಾಣ್ಯಗಳಲ್ಲಿ ಇವನ್ನು ಎಣಿಸುವುದು ವಾಡಿಕೆಯಾಗಿದೆ. ಕಾರಣವು ಸ್ಪಷ್ಟ. ರೈತನು ಕುದುರೆಯನ್ನು ಬಲ್ಲನು, ಶಿಲ್ಪಿಯೂ ಬಲ್ಲನು. ಇಬ್ಬರ ನಡುವೆ ಸುಳ್ಳಿಗೆ ಎಡೆಯಿಲ್ಲ.

ಎರಡನೆಯ ದೃಷ್ಟಾಂತವು ಇದಕ್ಕೆ ವಿರುದ್ಧವಾದುದು. ಅದು ನನ್ನ ವಾದಕ್ಕೆ ಸ್ವಲ್ಪ ಮುಳ್ಳೂ ಹೌದು. ೨೦೧೩ರಲ್ಲಿ ಅದೇ ದೇಶದ ಕೇಂದ್ರ ಬ್ಯಾಂಕು ಜೇಮ್ಸ್ ಜಾಯ್ಸನ ನೆನಪಿಗೆ ಹತ್ತು ಯೂರೋ ಬೆಲೆಯ ಬೆಳ್ಳಿಯ ನಾಣ್ಯವನ್ನು ಹೊರಡಿಸಿತು. ಮುಖದೊಡನೆ ಅವನ ಮಾತೂ ಇರಲೆಂದು ‘ಯೂಲಿಸಿಸ್’ ಕಾದಂಬರಿಯಿಂದ ಕೆಲವು ಮಾತುಗಳನ್ನು ಅದರ ಮೇಲೆ ಕೆತ್ತಿಸಲಾಯಿತು. ಉದ್ದೇಶವು ಮೆಚ್ಚತಕ್ಕದ್ದೇ. ಆದರೆ ಕೆತ್ತಿದ ಪಾಠದಲ್ಲಿ ಜಾಯ್ಸನು ಬರೆಯದ ಒಂದು ಶಬ್ದವು ಹೆಚ್ಚಾಗಿ ಸೇರಿಕೊಂಡಿತು. ಹೊರಬಿದ್ದ ಕೂಡಲೇ ಓದುಗರು ಅದನ್ನು ಹಿಡಿದರು. ಬ್ಯಾಂಕಿನವರು ತಪ್ಪಾಯಿತೆಂದು ವಿಷಾದಿಸಿ, ಬೇಡವಾದವರಿಗೆ ಹಣವನ್ನು ಹಿಂದಿರುಗಿಸುವೆವೆಂದರು. ಜೊತೆಗೆ, ಅದು ಲೇಖಕನ 'ಕಲಾತ್ಮಕ ನಿರೂಪಣೆ'ಯೇ ಹೊರತು ಅಕ್ಷರಶಃ ಪಾಠವಲ್ಲವೆಂಬ ಸಮಾಧಾನವನ್ನೂ ಹೇಳಿದರು. ಪ್ರತಿಕಾರರ ತಪ್ಪುಗಳನ್ನು ತಿದ್ದುವುದರಲ್ಲಿ ಆಯುಷ್ಯವನ್ನು ಕಳೆದ ನಮ್ಮ ಗ್ರಂಥಸಂಪಾದಕರು ಈ ಸಮಾಧಾನವನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ! ಒಂದೊಂದು ಶಬ್ದವನ್ನೂ ತೂಗಿ ಇಟ್ಟವನ ಸ್ಮಾರಕದಲ್ಲಿಯೇ ಒಂದು ಶಬ್ದವು ಕಳ್ಳನಂತೆ ಒಳಹೊಕ್ಕಿತು. ನುಡಿಯನ್ನು ನಾಣ್ಯದ ವಸ್ತುವನ್ನಾಗಿ ಮಾಡಬೇಕೆನ್ನುವವರು ಪಾಠಶುದ್ಧಿಯ ಹೊಣೆಯನ್ನೂ ಹೊರಬೇಕೆಂಬುದು ಇದರಿಂದ ತಿಳಿಯುತ್ತದೆ. ಮುಖವು ತಪ್ಪಿದರೆ ತೋರಿಸುವವರಿಲ್ಲ. ಅಕ್ಷರವು ತಪ್ಪಿದರೆ ಶಾಲೆಯ ಹುಡುಗನೂ ತೋರಿಸುತ್ತಾನೆ. ನನ್ನ ಮಟ್ಟಿಗೆ ಇದು ಅಕ್ಷರದ ಪರವಾದ ವಾದವೇ.

ಅಂಕಿತದ ವಿಷಯದಲ್ಲಿ ಈ ಹೊಣೆಯು ಹಗುರವಾದುದಲ್ಲ. ವಚನಗಳಲ್ಲಿ ‘ಕೂಡಲಸಂಗಮದೇವ’ ಎಂಬಂತೆಯೇ ‘ಕೂಡಲಸಂಗಯ್ಯ’ ಎಂಬ ರೂಪವೂ ಉಂಟು. ಅಂಕಿತವನ್ನೇ ಮಾರ್ಪಡಿಸಿ ಅಚ್ಚು ಹಾಕಿಸಿದ ಒಂದು ವಚನಸಂಗ್ರಹವನ್ನು ೧೯೯೮ರಲ್ಲಿ ಕರ್ನಾಟಕ ಸರ್ಕಾರವು ಮುಟ್ಟುಗೋಲು ಹಾಕಿಕೊಂಡುದೂ, ಆ ಕ್ರಮವನ್ನು ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದುದೂ ವಾಚಕರ ನೆನಪಿನಲ್ಲಿರಬಹುದು. ಆ ವ್ಯಾಜ್ಯದ ತತ್ತ್ವವಿಚಾರಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಒಂದು ಪದವನ್ನು ಕದಲಿಸಿದರೆ ನಾಡು ಕದಲುವಷ್ಟು ಆ ಮುದ್ರಿಕೆಯು ಜೀವಂತವಾಗಿದೆಯೆಂಬುದನ್ನು ಮಾತ್ರ ಅದರಿಂದ ಗ್ರಹಿಸಬೇಕು. ನಾಣ್ಯದಲ್ಲಿರುವ ಮುಖವನ್ನು ಸ್ವಲ್ಪ ಮಾರ್ಪಡಿಸಿದ್ದರೆ ಯಾರು ಮೊಕದ್ದಮೆ ಹೂಡುತ್ತಿದ್ದರು?

ಅಂಕಿತವು ದೇವರ ಹೆಸರಾದುದರಿಂದ ಮತನಿರಪೇಕ್ಷವಾದ ರಾಜ್ಯದ ನಾಣ್ಯದಲ್ಲಿ ಅದು ಸಲ್ಲದೆಂದು ಕೆಲವರು ಹೇಳಬಹುದು. ಇದು ತಳ್ಳಿಹಾಕತಕ್ಕ ಆಕ್ಷೇಪವಲ್ಲ. ಬೃಹದೀಶ್ವರಾಲಯದ ನಾಣ್ಯವನ್ನೂ ೨೦೧೨ರಲ್ಲಿ ಬಂದ ವೈಷ್ಣೋದೇವಿಯ ನಾಣ್ಯವನ್ನೂ ಹಿಂದೆಗೆಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯು ೨೦೧೮ರಲ್ಲಿ ವಜಾ ಆಯಿತು. ಆದುದರಿಂದ ಕಾನೂನಿನ ಅಡ್ಡಿ ಇಲ್ಲವೆನ್ನಬಹುದು. ಆದರೆ ಕಾನೂನು ಒಪ್ಪಿದುದೆಲ್ಲವೂ ಉಚಿತವಲ್ಲ. ನನ್ನ ಸಮಾಧಾನವು ಬೇರೆ ತೆರನಾದುದು. ವೈಷ್ಣೋದೇವಿಯ ನಾಣ್ಯದಲ್ಲಿ ದೇವತೆಯೇ ವಸ್ತು. ವಚನದ ಅಂಕಿತದಲ್ಲಿ ವಸ್ತುವು ಕರ್ತೃ; ದೇವರ ಹೆಸರು ಅಲ್ಲಿ ಆತನ ಗುರುತು. ತನ್ನ ಹೆಸರನ್ನು ಮರೆಸಿ ದೇವರ ಹೆಸರಿನಲ್ಲಿ ರುಜು ಹಾಕಿದವನ ರುಜುವನ್ನು ಬೇರೆ ಯಾವ ಅಕ್ಷರಗಳಲ್ಲಿ ಕೊಡುವುದು? ಇಷ್ಟು ಹೇಳಿದರೂ ಒಪ್ಪದವರು ಇರಬಹುದು. ಅವರು ಅಂಕಿತಕ್ಕೆ ಬದಲಾಗಿ ‘ಸಂಗನಬಸವ’ ಎಂಬ ಹೆಸರನ್ನು ಕನ್ನಡದಲ್ಲಿ ಬರೆಸಬೇಕೆಂದರೆ ನಾನು ಅಡ್ಡಿ ಹೇಳುವುದಿಲ್ಲ.

ಅಂಕಿತವಿಲ್ಲದ ಕವಿಗಳ ಗತಿಯೇನು? ಪಂಪ ರನ್ನರು ಚಂಪೂಕಾರರು. ಅವರಲ್ಲಿ ವಚನದ ಮುದ್ರಿಕೆಯಂತಹದು ಇಲ್ಲ. ಆದರೆ ರನ್ನನ ವಿಷಯದಲ್ಲಿ ನಾವು ಭಾಗ್ಯವಂತರು. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಶ್ರೀ ಕವಿರತ್ನ’ ಎಂಬ ಅಕ್ಷರಗಳಿವೆ. ಅವು ರನ್ನನು ತಾನೇ ಬರೆದುವೆಂದು ವಿದ್ವಾಂಸರು ಊಹಿಸಿದ್ದಾರೆ. ಸಾವಿರ ವರ್ಷಗಳ ಹಿಂದಿನ ಕವಿಯೊಬ್ಬನ ಹಸ್ತಾಕ್ಷರವು ನಾಣ್ಯಕ್ಕೆ ಹೇಳಿ ಮಾಡಿಸಿದಂತೆ ಎರಡು ಪದಗಳಲ್ಲಿ ಕಲ್ಲಿನ ಮೇಲೆ ಕಾದಿದೆ. ಯಾವ ಚಿತ್ರಕಾರನೂ ಅವನಿಗೆ ಮೀಸೆಯನ್ನೂ ರುಮಾಲನ್ನೂ ಕಲ್ಪಿಸಬೇಕಾಗಿಲ್ಲ. ಪಂಪನಿಗಾದರೆ ಅವನ ತಮ್ಮ ಜಿನವಲ್ಲಭನು ತೆಲಂಗಾಣದ ಕುರ್ಕ್ಯಾಲದ ಗುಡ್ಡದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಬರೆಸಿದ ಶಾಸನವುಂಟು. ಹಲ್ಮಿಡಿಯ ಶಾಸನವನ್ನು ನಾಣ್ಯದ ಮೇಲೆ ಇಡಿಯಾಗಿ ಕೊಡಲಾಗದು. ಹದಿನಾರು ಸಾಲುಗಳು ಇರುವೆಗಳ ಸಾಲಿನಂತೆ ಕಾಣುವುವು. ಕಲ್ಲಿನ ಆಕಾರವನ್ನು ತೋರಿಸಿ ಒಂದೇ ಪದವನ್ನು ಎತ್ತಿ ಬರೆಯಬೇಕಾದೀತು. ಆ ಪದವು ಯಾವುದಾಗಬೇಕೆಂಬುದನ್ನು ಟಂಕಸಾಲೆಯವರಲ್ಲ, ಶಾಸನವನ್ನು ಓದಬಲ್ಲವರು ನಿರ್ಣಯಿಸಬೇಕು.

ಕೊನೆಯದಾಗಿ, ಬಸವಣ್ಣನವರ ಅಂಕಿತವನ್ನು ಯಾವ ಕಾಲದ ಅಕ್ಷರದಲ್ಲಿ ಬರೆಯುವುದೆಂಬ ಪ್ರಶ್ನೆಯುಂಟು. ನಮಗೆ ದೊರೆತಿರುವ ವಚನದ ಓಲೆಗಳು ಅವರ ಕಾಲಕ್ಕೆ ಬಹಳ ಈಚಿನವು. ಇಂದಿನ ಮುದ್ರಣಾಲಯದ ಅಕ್ಷರಗಳಾದರೆ ಎಲ್ಲರೂ ಓದಬಲ್ಲರು. ಆದರೆ ಅವುಗಳಿಗೂ ಹನ್ನೆರಡನೆಯ ಶತಮಾನಕ್ಕೂ ಬಹುದೂರ. ನಡುವಿನ ದಾರಿಯೊಂದು ನನಗೆ ತೋರುತ್ತದೆ. ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನವು ಕ್ರಿ. ಶ. ೧೨೬೦ರದು, ಬಸವಣ್ಣನವರನ್ನು ಹೆಸರಿಸುವ ಶಾಸನಗಳಲ್ಲಿ ಅದನ್ನು ಅತ್ಯಂತ ಹಳೆಯದೆಂದು ಎಣಿಸುತ್ತಾರೆ. ಅವರ ತಲೆಮಾರಿಗೆ ಅಷ್ಟು ಹತ್ತಿರದಲ್ಲಿ ಕನ್ನಡದ ಕಲ್ಲುಕುಟಿಗನೊಬ್ಬನು ಅವರ ಹೆಸರನ್ನು ಕೆತ್ತಿದ್ದಾನೆ. ಆ ಶಾಸನದ ಪಡಿಯಚ್ಚಿನಿಂದ ಅಕ್ಷರಗಳ ಮಾದರಿಯನ್ನು ಆಯ್ದುಕೊಂಡು ಅಂಕಿತವನ್ನು ಜೋಡಿಸುವುದು ಅಸಾಧ್ಯವಲ್ಲ. ಕೂ, ಡ, ಲ, ಸಂ, ಗ, ಮ, ದೇ, ವ ಎಂಟು ಅಕ್ಷರಗಳು. ಸಾಲಿಗೆ ನಾಲ್ಕರಂತೆ ಎರಡು ಸಾಲಾಗುವುವು. ೨೦೦೬ರ ಐದು ರೂಪಾಯಿಯ ಅಡ್ಡಳತೆಯು ೨೩ ಮಿಲಿಮೀಟರು. ವಿಷ್ಣುವರ್ಧನನ ಅಕ್ಕಸಾಲೆಯು ಅದಕ್ಕಿಂತ ಬಹಳ ಕಿರಿದಾದ ಚಿನ್ನದ ಬಿಲ್ಲೆಯಲ್ಲಿ ಶ್ರೀಕಾರವೂ ಸೇರಿ ಏಳು ಅಕ್ಷರಗಳನ್ನು ಒತ್ತಿದ್ದನು.